‘ಬದಲಾವಣೆಗಳು ಉಳಿದಿವೆ’: ಸೇವ್ ಆಗಿದೆಯೋ, ಬಾಕಿ ಇದೆಯೋ?

ಗೆಳೆಯರೇ,

ವಿಮ್ ಎಡಿಟರ್ (ಪಠ್ಯದ ಕಡತಗಳನ್ನು ಬರೆದು ತಿದ್ದುವ ತಂತ್ರಾಂಶ) ಕಲಿಯುವ ಹೊಸಬರಿಗಾಗಿ ಕನ್ನಡದಲ್ಲೊಂದು ಕೈಪಿಡಿ ಬರೆಯುತ್ತಿದ್ದೇನೆ. ಸೇವ್ ಮಾಡುವುದಕ್ಕೆ ‘ಉಳಿಸು’ ಎಂಬುದು ಬೇರೂರಿದೆ, ಅದರ ಬಗ್ಗೆ ತಕರಾರಿಲ್ಲ. ತೊಡಕಿರುವುದು ‘ಉಳಿ’ಯಲ್ಲಿ. ‘ಈ ಕಡತದಲ್ಲಿ ಬದಲಾವಣೆಗಳು ಉಳಿದಿವೆ’ ಎಂದು ಪರದೆಯ ಮೇಲೆ ಬಂದರೆ ನಿಮಗೆ ಏನು ತೋಚುತ್ತದೆ? ‘ಜೀವ ಉಳಿಯಿತು’ ಅಂದರೆ ಕಾಪಾಡಿದ್ದಾಯಿತು. ‘ಸಾಲ ಉಳಿದಿದೆ’ ಅಂದರೆ ಬಾಕಿ. ಒಬ್ಬರು ನಿಶ್ಚಿಂತೆಯಿಂದ ಮುಚ್ಚುತ್ತಾರೆ, ಇನ್ನೊಬ್ಬರು ಗಾಬರಿಯಾಗುತ್ತಾರೆ.

ವಿಮ್‌ನಲ್ಲಿ ಇದು ಬರೀ ವ್ಯಾಕರಣದ ಮಾತಲ್ಲ. ‘ಹಿಡನ್’ ಆಯ್ಕೆ ಇಲ್ಲದಿರುವಾಗ, ತಿದ್ದಿದ ಕಡತವನ್ನು ಉಳಿಸದೆ ಅದೇ ವಿಂಡೋದಲ್ಲಿ ಇನ್ನೊಂದನ್ನು ತೆರೆಯಹೋದರೆ ಇ37 ಎಂಬ ದೋಷಸೂಚನೆ ತಡೆಯುತ್ತದೆ. ಆಯ್ಕೆ ಹಾಕಿಕೊಂಡರೆ ಬಿಟ್ಟುಕೊಡುತ್ತದೆ. ಹಳೆಯ ಬಫರ್ (ತೆರೆದ ಕಡತದ ಮೆಮರಿಯಲ್ಲಿನ ಪ್ರತಿ) ಯಾವ ವಿಂಡೋದಲ್ಲೂ ಕಾಣದಿದ್ದರೂ ತಿದ್ದುಪಡಿ ಸಮೇತ ಮೆಮರಿಯಲ್ಲಿರುತ್ತದೆ. ಎಲ್ಲ ಮುಚ್ಚಿ ಹೊರಡುವಾಗ ಮತ್ತೆ ತಡೆಯುತ್ತದೆ ಅನ್ನಿ. ವಿಮ್‌ನಿಂದ ಕವಲೊಡೆದ ನಿಯೋವಿಮ್‌ನಲ್ಲಂತೂ ಈ ಆಯ್ಕೆ ಈಗ ತಾನಾಗಿಯೇ ಆನ್ ಇರುತ್ತದೆ. ಡಿಸ್ಕಿಗೆ ಹೋಗಿಲ್ಲ, ಕಣ್ಣಿಗೆ ಬೀಳುತ್ತಿಲ್ಲ, ಆದರೆ ಕಳೆದೂ ಹೋಗಿಲ್ಲ. ಇಂಥದ್ದನ್ನು ‘ಉಳಿದಿದೆ’ ಅಂದರೆ ಓದುವವರ ಗತಿಯೇನು?

ಹಾಗಾಗಿ ‘ಉಳಿದ’, ‘ಉಳಿದಿವೆ’ ಎರಡನ್ನೂ ಬಿಟ್ಟು, ‘ಇನ್ನೂ ಉಳಿಸಿಲ್ಲ’ ಎಂದೇ ಬರೆಯುತ್ತಿದ್ದೇನೆ. ವಿಮ್‌ನ ಸ್ವಂತ ಆಜ್ಞೆ ‘ರೈಟ್’ ಆದ್ದರಿಂದ ‘ಬರೆದಿಲ್ಲ’ ಅನ್ನಬಹುದಿತ್ತು. ಆದರೆ ಅರ್ಧ ಗಂಟೆ ಟೈಪ್ ಮಾಡಿದವರಿಗೆ ‘ಬರೆದಿಲ್ಲ’ ಅಂದರೆ ಸಿಟ್ಟು ಬಂದೀತು! ಹಿಡನ್ ಬಫರ್‌ಗೆ ‘ಅಡಗಿಸಿದ’ ಬೇಡ, ಯಾರೋ ಬೇಕೆಂದೇ ಬಚ್ಚಿಟ್ಟ ಹಾಗಾಗುತ್ತದೆ. ‘ಮರೆಯ ಬಫರ್’ ಹೇಗೆ? ‘ಮರೆತ’ ಎಂದು ಓದಿಬಿಟ್ಟಾರೆಂಬ ಅಳುಕು ನನಗಿದೆ.

ಇನ್ನು ಸ್ಪ್ಲಿಟ್, ಅಂದರೆ ಒಂದು ವಿಂಡೋವನ್ನು ಎರಡಾಗಿಸುವುದು. ‘ಅಡ್ಡ’, ‘ಉದ್ದ’ ಎರಡನ್ನೂ ನಾನು ನಂಬುವುದಿಲ್ಲ. ಗೆರೆ ಅಡ್ಡವೋ, ವಿಂಡೋಗಳ ಸಾಲು ಅಡ್ಡವೋ? ಇಂಗ್ಲಿಷಿನಲ್ಲೂ ಇದೇ ಪಾಡು: ವಿಮ್‌ನ ‘ವರ್ಟಿಕಲ್’ ವಿಂಡೋಗಳನ್ನು ಅಕ್ಕಪಕ್ಕ ಇಡುತ್ತದೆ, ಇನ್ನೊಂದು ಎಡಿಟರ್ ಆದ ಇಮ್ಯಾಕ್ಸ್‌ನ ಹಳೆಯ ‘ವರ್ಟಿಕಲಿ’ ಒಂದರ ಕೆಳಗೊಂದು ಇಡುತ್ತಿತ್ತು. ಇಮ್ಯಾಕ್ಸ್ 24ರಲ್ಲಿ ‘ಬಿಲೋ’ (ಕೆಳಗೆ), ‘ರೈಟ್’ (ಬಲಕ್ಕೆ) ಎಂಬ ಹೆಸರುಗಳು ಬಂದವು. ನಾವೂ ‘ಮೇಲೆಕೆಳಗೆ’, ‘ಅಕ್ಕಪಕ್ಕ’ ಅಂದರೆ ಸಾಕಲ್ಲ? ವಿಮ್‌ನ ‘ಸ್ಪ್ಲಿಟ್‌ಬಿಲೋ’, ‘ಸ್ಪ್ಲಿಟ್‌ರೈಟ್’ ಆಯ್ಕೆಗಳಿಗೆ ‘ಹೊಸದು ಕೆಳಗೆ’, ‘ಹೊಸದು ಬಲಕ್ಕೆ’ ಎಂದು ಹಾಕಿದ್ದೇನೆ. ಇವಿಲ್ಲದಿದ್ದರೆ ಹೊಸ ವಿಂಡೋ ಮೇಲೆ ಅಥವಾ ಎಡಕ್ಕೆ ತೆರೆಯುತ್ತದೆ. ‘ಸೀಳು’ ಪದವನ್ನು ಮಾತ್ರ ಒಲ್ಲೆ. ಎರಡು ವಿಂಡೋಗಳಲ್ಲಿ ಒಂದೇ ಬಫರ್ ಕಾಣಿಸಬಹುದು, ಅಲ್ಲಿ ಸೀಳಿದ್ದಾದರೂ ಏನನ್ನು, ಸೌದೆಯನ್ನೇ?

ಧಾರವಾಡ, ಕಲಬುರಗಿ ಕಡೆಯವರು ದಯವಿಟ್ಟು ಹೇಳಿ: ನಿಮ್ಮಲ್ಲಿ ‘ಬದಲಾವಣೆ ಉಳದಾವ’ ಅಂದ್ರ ಮೊದಲು ಹೊಳೆಯುವುದು ಬಾಕಿಯೋ, ಭದ್ರವೋ?