ಸಹಾಯ ಬೇಕು: ಟೈಟಾನಿಯಂ ಪಟ್ಟಿಗಳ ಅಂಟು ಮಳೆಗಾಲದಲ್ಲಿ ಬಿಡುತ್ತಿದೆ

ಗುಂಪಿನ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಹಾಸನದಲ್ಲಿ ಸಣ್ಣ ವರ್ಕ್‌ಶಾಪ್ ನಡೆಸುವ ನಾನು, ಶೇ. 6 ಅಲ್ಯೂಮಿನಿಯಂ ಮತ್ತು ಶೇ. 4 ವನಾಡಿಯಂ ಇರುವ ಟೈಟಾನಿಯಂ ಮಿಶ್ರಲೋಹದ ಪಟ್ಟಿಗಳನ್ನು ಎಪಾಕ್ಸಿ ಅಂಟಿನಿಂದ ಜೋಡಿಸುತ್ತಿದ್ದೇನೆ. ಅಸಿಟೋನ್‌ನಿಂದ ಒರೆಸಿ, ಅಲ್ಯೂಮಿನಾ ಪುಡಿಯಿಂದ ಬ್ಲಾಸ್ಟಿಂಗ್ ಮಾಡಿ (ಪುಡಿಯನ್ನು ಗಾಳಿಯ ಒತ್ತಡದಿಂದ ಚಿಮ್ಮಿಸಿ ಮೇಲ್ಮೈಯನ್ನು ಒರಟಾಗಿಸಿ), ಮತ್ತೆ ಒರೆಸಿ ಅಂಟಿಸಿದ ಜೋಡಣೆ ಬೇಸಿಗೆಯಲ್ಲಿ ಗಟ್ಟಿಯಾಗಿಯೇ ನಿಂತಿತ್ತು. ಆದರೆ ಸಕಲೇಶಪುರದ ಕಡೆಯಿಂದ ಮಳೆ ಹಿಡಿದು ತಿಂಗಳಾಗುವಷ್ಟರಲ್ಲಿ ಅಂಟು ಒಂದು ಬದಿಯ ಲೋಹದಿಂದ ಹಾಳೆಯಂತೆ ಪೂರ್ತಿ ಕಳಚಿಬಂದಿತು. ಅಂಟೇ ನಡುವೆ ಸೀಳಿದ್ದರೆ ನಾನು ಇಷ್ಟು ಚಿಂತಿಸುತ್ತಿರಲಿಲ್ಲ. ಲೋಹ ಬರಿದಾಗಿ ಕಾಣುತ್ತಿರುವುದರಿಂದ ದೋಷವು ಮೇಲ್ಮೈ ಸಿದ್ಧತೆಯಲ್ಲಿಯೇ ಇದೆ, ಲೋಹದ ಮೇಲಿರುವ ಆಕ್ಸೈಡ್ ಪದರಕ್ಕೂ ಅಂಟಿಗೂ ನಡುವೆ ತೇವ ನುಗ್ಗಿದೆ ಎಂದು ನನಗನ್ನಿಸುತ್ತದೆ.

ಅಪಾಯಕಾರಿಯಾದ ಹೈಡ್ರೋಫ್ಲೋರಿಕ್ ಆಮ್ಲವನ್ನಾಗಲಿ ಕ್ರೋಮಿಕ್ ಆಮ್ಲದ ಅನೋಡೈಸಿಂಗನ್ನಾಗಲಿ (ದ್ರಾವಣದಲ್ಲಿ ವಿದ್ಯುತ್ ಹರಿಸಿ ಲೋಹದ ಮೇಲೆ ಆಕ್ಸೈಡ್ ಪದರ ಬೆಳೆಸುವ ವಿಧಾನ) ಹುಡುಗರು ಕೆಲಸ ಮಾಡುವ ಜಾಗಕ್ಕೆ ತರಲು ನನಗೆ ಮನಸ್ಸಿಲ್ಲ. ಆದ್ದರಿಂದ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಅನೋಡೈಸಿಂಗ್ ಮಾಡಿದವರು, ಅಥವಾ ಜಿರ್ಕೋನಿಯಂ ಮತ್ತು ಸಿಲೇನ್ ಇರುವ ಸೋಲ್-ಜೆಲ್ ಲೇಪನ (ದ್ರಾವಣವಾಗಿ ಹಚ್ಚಿ ಒಣಗಿಸಿದಾಗ ಲೋಹವನ್ನೂ ಅಂಟನ್ನೂ ಬೆಸೆಯುವ ತೆಳು ಪದರ) ಬಳಸಿದವರು ಇಲ್ಲಿದ್ದರೆ, ಬ್ಲಾಸ್ಟಿಂಗ್ ಆದ ಮೇಲೆ ಎಷ್ಟು ಹೊತ್ತಿನೊಳಗೆ ಲೇಪಿಸಬೇಕು, ನಮ್ಮ ಮಳೆಗಾಲದ ಹವೆಯಲ್ಲಿ ಅದನ್ನು ಹೇಗೆ ಒಣಗಿಸಬೇಕು ಎಂಬುದನ್ನು ದಯವಿಟ್ಟು ತಿಳಿಸಿ. ಹಾಸನ ಅಥವಾ ಚಿಕ್ಕಮಗಳೂರಿನಲ್ಲಿ ಬಿಸಿ ಮತ್ತು ತೇವದಲ್ಲಿಟ್ಟು ವೆಡ್ಜ್ ಪರೀಕ್ಷೆ (ಅಂಟಿಸಿದ ಪಟ್ಟಿಗಳ ನಡುವೆ ಬೆಣೆ ತೂರಿಸಿ ಬಿರುಕು ಎಷ್ಟು ಬೆಳೆಯುತ್ತದೆಂದು ನೋಡುವುದು) ಮಾಡುವ ಪ್ರಯೋಗಾಲಯ ಗೊತ್ತಿದ್ದರೆ ಹೇಳಿ, ಮಾದರಿ ಪಟ್ಟಿಗಳನ್ನು ನಾನೇ ತಂದುಕೊಡುತ್ತೇನೆ.