ಸಹಾಯ ಬೇಕು: ಬೆಳಗಾವಿಗೆ ಬಂದು ಪಿಯಾನೋ ಟ್ಯೂನ್ ಮಾಡುವವರು ಗೊತ್ತಾ?

ಎಲ್ಲರಿಗೂ ನಮಸ್ಕಾರ. ನಾನು ಬೆಳಗಾವಿಯ ಟಿಳಕವಾಡಿಯವಳು, ವಯಸ್ಸು 54. ಎರಡು ವರ್ಷದಿಂದ 61 ಕೀಗಳ ಕೀಬೋರ್ಡಿನಲ್ಲಿ ಕಲಿಯುತ್ತಿದ್ದೇನೆ. ಹೋದ ತಿಂಗಳು ಇಲ್ಲಿನ ಕ್ಯಾಂಪ್ ಪ್ರದೇಶದಲ್ಲಿರುವ ಪರಿಚಯದವರ ಮನೆಯಿಂದ ಹಳೇ ಪಿಯಾನೋ ಸಿಕ್ಕಿತು. ಪೂರ್ತಿ 88 ಕೀ! ಆರು ಜನ ಸೇರಿ ಹೊತ್ತು ತಂದು ಪಡಸಾಲೆಯಲ್ಲಿ ಇಟ್ಟರು. ಅವತ್ತು ರಾತ್ರಿ ನನಗೆ ನಿದ್ದೆಯೇ ಬರಲಿಲ್ಲ.

ನಮ್ಮೂರ ಮಳೆ ನಿಮಗೆ ಗೊತ್ತೇ ಇದೆ ಅಲ್ವಾ. ಥಂಡಿಗೆ ಕಟ್ಟಿಗೆ ಉಬ್ಬಿದೆ. ನಡುವಿನ ಸಿ ಸ್ವರದ ಪಕ್ಕದ ಡಿ ಕೀ ಒತ್ತಿದರೆ ಕೆಳಗೇ ಉಳಿಯುತ್ತದೆ, ಬೆರಳಿನಿಂದ ಎತ್ತಬೇಕು. ಮೇಲಿನ ಸ್ವರಗಳಿಗೆ ಒಂದೊಂದಕ್ಕೆ ಮೂರು ತಂತಿ. ಆ ಮೂರೂ ಕೂಡುತ್ತಿಲ್ಲ, ದನಿ ಅಲೆ ಅಲೆಯಾಗಿ ಕೇಳುತ್ತದೆ. ಒಳಗೆ 200ಕ್ಕೂ ಜಾಸ್ತಿ ತಂತಿ ಬಿಗಿದಿವೆ, ಸುಮ್ನೆ ಕೈ ಹಾಕಲು ನನಗೆ ಧೈರ್ಯ ಇಲ್ಲ. ಹಾರ್ಮೋನಿಯಂ ರಿಪೇರಿ ಮಾಡುವವರನ್ನು ಕೇಳಿದೆ. ಇದು ಬೇರೆಯೇ ಕೆಲಸ ಅಂದರು.

ಗೋವಾ, ಪುಣೆ ಕಡೆಯಿಂದ ಬರುವವರಾದರೂ ಸರಿ. ಬಸ್ ಖರ್ಚು ಕೊಡುತ್ತೇನೆ, ಊಟ ನಮ್ಮ ಮನೆಯಲ್ಲೇ. ಈಗಲೇ ಮಾಡಿಸಬೇಕಾ, ಮಳೆ ಮುಗಿದು ದೀಪಾವಳಿ ಬರುವ ತನಕ ಕಾಯಬೇಕಾ, ತಿಳಿದವರು ಹೇಳಿ.

ಇನ್ನೊಂದು ಮಾತು. ದೊಡ್ಡವರಾದ ಮೇಲೆ ಕಲಿಯುತ್ತಿರುವವರು ಇಲ್ಲಿ ಇದ್ದೀರಾ? ಹೋದ ವಾರ ಮೊದಲ ಸಲ ಎರಡೂ ಕೈ ಸೇರಿಸಿ ಎಂಟು ಬಾರ್ (ತಾಳದ ಎಂಟು ಸುತ್ತು) ತಪ್ಪಿಲ್ಲದೆ ನುಡಿಸಿದೆ. ಎಡಗೈ ಉಂಗುರದ ಬೆರಳು ಇಷ್ಟು ದಿನ ಮಾತೇ ಕೇಳುತ್ತಿರಲಿಲ್ಲ. ಅಡುಗೆಮನೆಯಿಂದ ಅತ್ತೆ "ಇನ್ನೊಮ್ಮೆ ಬಾರಿಸವಾ" ಅಂದರು. ಕಣ್ಣು ತುಂಬಿ ಬಂತು. ನಿಮಗೂ ಹೀಗೆ ಆಗಿದ್ದರೆ ದಯವಿಟ್ಟು ಬರೆಯಿರಿ. ಪಿಯಾನೋ ಸರಿಯಾದ ಮೇಲೆ ಭಾನುವಾರ ಬಂದು ನುಡಿಸಿ, ಚಹಾ ನನ್ನದು.