ವೇಪ್, ಲಾಫಿಂಗ್ ಗ್ಯಾಸ್, ಪಾರ್ಲಿಮೆಂಟು: ನಮ್ಮ ಮಕ್ಕಳಿಗೆ ಸಂಬಂಧಪಟ್ಟ ಮಾತು

ಬ್ರಿಟನ್ನಿನಲ್ಲಿರುವ ನಮ್ಮ ಗುಂಪಿನ ಎಲ್ಲರಿಗೂ ನಮಸ್ಕಾರ. ಮಿಲ್ಟನ್ ಕೀನ್ಸ್‌ನ ಅಕ್ಕ ಮೊನ್ನೆ ಕೇಳಿದ ಪ್ರಶ್ನೆಗೆ ಬಂದ ಉತ್ತರಗಳನ್ನೆಲ್ಲ ಓದಿದೆ. ಮಗನ ಶಾಲೆಯಿಂದ ವೇಪ್ (ಇ-ಸಿಗರೇಟು) ಬಗ್ಗೆ ಎಚ್ಚರಿಕೆಯ ಪತ್ರ ಬಂದಿದೆ, ಊರು ಬದಲಿಸೋದಾ ಇಲ್ಲ ಬೆಂಗಳೂರಿಗೇ ಹೊರಟುಬಿಡೋದಾ ಅಂತ ಅವರು ಕೇಳಿದ್ದರು. ಕೆಲವರು "ನಮ್ಮ ಮಕ್ಕಳು ಅಂಥವರಲ್ಲ" ಅಂದರು. ಕೆಲವರು ಒಳ್ಳೆ ಗ್ರಾಮರ್ ಸ್ಕೂಲ್ (ಪ್ರವೇಶ ಪರೀಕ್ಷೆ ಬರೆದು ಸೇರುವ ಸರ್ಕಾರಿ ಶಾಲೆ) ಇರುವ ಕಡೆ ಮನೆ ನೋಡಿ ಅಂದರು. ಆದರೆ ಈ ದೇಶದ ಪಾರ್ಲಿಮೆಂಟಿನಲ್ಲಿ ಡ್ರಗ್ಸ್ ವಿಷಯ ಹೇಗೆ ಬರುತ್ತದೆ, ಅಲ್ಲಿ ಆಗುವ ತೀರ್ಮಾನ ವೀಸಾ ಮೇಲಿರುವ ನಮ್ಮಂಥ ಮನೆಗಳಿಗೆ ಹೇಗೆ ತಟ್ಟುತ್ತದೆ ಅನ್ನೋದನ್ನ ಯಾರೂ ಎತ್ತಲಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ಮೊದಲು ಆ ಶಾಲೆಯ ಪತ್ರದ ವಿಷಯ. ಅದು ಸುಮ್ನೆ ಹೆದರಿಸೋಕೆ ಬರೆದದ್ದಲ್ಲ. ಬಾತ್ ವಿಶ್ವವಿದ್ಯಾಲಯದವರು ಇಂಗ್ಲೆಂಡಿನ 38 ಶಾಲೆಗಳಲ್ಲಿ ಮಕ್ಕಳಿಂದ ಕಿತ್ತುಕೊಂಡ 596 ವೇಪ್‌ಗಳನ್ನು ಪರೀಕ್ಷೆ ಮಾಡಿ 2024ರಲ್ಲಿ ಫಲಿತಾಂಶ ಹೇಳಿದರು. ಆರರಲ್ಲಿ ಒಂದರಲ್ಲಿ 'ಸ್ಪೈಸ್' ಇತ್ತು. ಸ್ಪೈಸ್ ಅಂದರೆ ಲ್ಯಾಬಿನಲ್ಲಿ ಮಾಡುವ ಕೃತಕ ಗಾಂಜಾ ರಾಸಾಯನಿಕ, ಇಲ್ಲಿನ ಜೈಲುಗಳಲ್ಲಿ ಕೈದಿಗಳನ್ನು ನೆಲಕ್ಕೆ ಬೀಳಿಸುತ್ತಿರುವ ಪದಾರ್ಥ. ಮಕ್ಕಳಿಗೆ ಅದನ್ನು ಟಿಎಚ್‌ಸಿ ಅಂತ, ಅಂದರೆ ನಿಜವಾದ ಗಾಂಜಾ ಎಣ್ಣೆ ಅಂತ ಹೇಳಿ ಮಾರುತ್ತಾರೆ. ಒಳಗೆ ಏನಿದೆ ಅಂತ ಸೇದುವ ಹುಡುಗನಿಗೂ ಗೊತ್ತಿಲ್ಲ, ಸ್ನ್ಯಾಪ್‌ಚಾಟಿನಲ್ಲಿ ಮಾರುವ ಹುಡುಗನಿಗೂ ಎಷ್ಟೋ ಸಲ ಗೊತ್ತಿರುವುದಿಲ್ಲ. ಹಾಗಾಗಿ "ವೇಪ್ ತಾನೇ, ಸಿಗರೇಟಿಗಿಂತ ವಾಸಿ" ಅನ್ನುವ ಮಾತನ್ನು ಮನೆಯಲ್ಲಿ ಇವತ್ತೇ ನಿಲ್ಲಿಸಿ.

ಈಗ ಕಾನೂನಿಗೆ ಬರೋಣ. ಇಲ್ಲಿ ಎಲ್ಲದಕ್ಕೂ ಬುಡ 1971ರ 'ಮಿಸ್ಯೂಸ್ ಆಫ್ ಡ್ರಗ್ಸ್ ಆಕ್ಟ್'. ಎ, ಬಿ, ಸಿ ಅಂತ ಮೂರು ವರ್ಗ, ಎ ವರ್ಗಕ್ಕೆ ಶಿಕ್ಷೆ ಎಲ್ಲಕ್ಕಿಂತ ಜಾಸ್ತಿ, ಸಿ ವರ್ಗಕ್ಕೆ ಕಡಿಮೆ. ಹೆರಾಯಿನ್, ಕೊಕೇನ್, ಎಕ್‌ಸ್ಟಸಿ ಎ ವರ್ಗ. ಗಾಂಜಾ, ಕೆಟಮಿನ್ (ಅರಿವಳಿಕೆ ಔಷಧ) ಬಿ. ಯಾವುದನ್ನು ಎಲ್ಲಿಡಬೇಕು ಅಂತ ಸಲಹೆ ಕೊಡೋಕೆ ಅದೇ ಕಾನೂನಿನಡಿ ಒಂದು ತಜ್ಞರ ಮಂಡಳಿ ಇದೆ. ಎಸಿಎಂಡಿ ಅಂತಾರೆ. ಸರ್ಕಾರ ಅವರನ್ನು ಕೇಳಲೇಬೇಕು, ಆದರೆ ಅವರ ಮಾತು ನಡೆಸಲೇಬೇಕು ಅಂತೇನಿಲ್ಲ. ಐವತ್ತು ವರ್ಷದ ಜಗಳವೆಲ್ಲ ಈ ಸಂದಿನಲ್ಲೇ ಇದೆ.

ಗಾಂಜಾದ್ದೇ ಕಥೆ ನೋಡಿ. ನಾವೆಲ್ಲ ಲಂಡನ್‌ಗೆ ಹೋದಾಗ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ ಬಸವಣ್ಣನ ಪ್ರತಿಮೆ ಮುಂದೆ ಫೋಟೋ ತೆಗೆಸಿಕೊಳ್ಳುತ್ತೇವೆ, ಅಲ್ವಾ. ಆ ಜಾಗ ಸೇರಿದ ಲ್ಯಾಂಬೆತ್‌ನಲ್ಲೇ 2001ರಲ್ಲಿ ಅಲ್ಲಿನ ಪೊಲೀಸ್ ಕಮಾಂಡರ್ ಬ್ರಯನ್ ಪ್ಯಾಡಿಕ್, ಸ್ವಲ್ಪ ಗಾಂಜಾ ಸಿಕ್ಕವರನ್ನು ಅರೆಸ್ಟ್ ಮಾಡದೆ ಎಚ್ಚರಿಕೆ ಕೊಟ್ಟು ಬಿಡಿ, ಆ ಹೊತ್ತನ್ನು ದೊಡ್ಡ ಅಪರಾಧಗಳಿಗೆ ಕೊಡಿ ಅಂತ ತಮ್ಮ ಸಿಬ್ಬಂದಿಗೆ ಹೇಳಿದರು. ಆ ಪ್ರಯೋಗದ ಗಾಳಿ ಹೊಳೆ ದಾಟಿ ಪಾರ್ಲಿಮೆಂಟಿಗೆ ಹೋಯಿತು. 2004ರ ಜನವರಿಯಲ್ಲಿ ಗಾಂಜಾ ಬಿ ಇಂದ ಸಿ ವರ್ಗಕ್ಕೆ ಇಳಿಯಿತು. 2009ರ ಜನವರಿಯಲ್ಲಿ ಮತ್ತೆ ಬಿ ಗೆ ಏರಿತು. ಎರಡು ಸಲವೂ ಲೇಬರ್ ಪಕ್ಷದ ಸರ್ಕಾರವೇ! ಸಿ ವರ್ಗದಲ್ಲೇ ಇರಲಿ ಅಂತ ತಜ್ಞರು ಹೇಳಿದ್ದರು, ಕೇಳಲಿಲ್ಲ. ಅದೇ ವರ್ಷ ಅಕ್ಟೋಬರಿನಲ್ಲಿ ಆ ಮಂಡಳಿಯ ಅಧ್ಯಕ್ಷ ಡೇವಿಡ್ ನಟ್ ಅವರನ್ನು ಗೃಹ ಸಚಿವ ಆಲನ್ ಜಾನ್ಸನ್ ತೆಗೆದೇಬಿಟ್ಟರು. ಗಾಂಜಾಕ್ಕಿಂತ ಹೆಂಡ, ಸಿಗರೇಟು ಮಾಡುವ ಹಾನಿ ಜಾಸ್ತಿ ಅಂತ ನಟ್ ಬಹಿರಂಗವಾಗಿ ಹೇಳಿದ್ದರು. ಅವರ ಮಾತೆಲ್ಲ ನನಗೆ ಒಪ್ಪಿಗೆ ಅಂತಲ್ಲ. ಆದರೆ ವಿಜ್ಞಾನಿಯನ್ನು ಕೂರಿಸಿಕೊಂಡು, ಅವನು ವಿಜ್ಞಾನ ಹೇಳಿದಾಗ ಕಳಿಸಿಬಿಟ್ಟರೆ ಮಕ್ಕಳಿಗೆ ನಾವು ಏನು ಹೇಳೋದು?

ಈಗ ನಮಗೆ ತೀರಾ ಹತ್ತಿರದ ವಿಷಯ, ಲಾಫಿಂಗ್ ಗ್ಯಾಸ್. ನೈಟ್ರಸ್ ಆಕ್ಸೈಡ್. ಬೇಕರಿಯಲ್ಲಿ ಕ್ರೀಮ್ ನೊರೆ ಬರಿಸೋಕೆ ಬಳಸುವ ಗ್ಯಾಸು. ಪಾರ್ಕಿನ ಬೆಂಚಿನ ಕೆಳಗೆ, ಬಸ್ ಸ್ಟಾಪಿನ ಹತ್ತಿರ ಹೆಬ್ಬೆರಳುದ್ದದ ಬೆಳ್ಳಿ ಬಣ್ಣದ ಪುಟ್ಟ ಡಬ್ಬಿಗಳು ಬಿದ್ದಿರುವುದನ್ನು ನೀವು ನೋಡಿರುತ್ತೀರಿ. ಈಗೀಗ ನೀರಿನ ಬಾಟಲಿ ಗಾತ್ರದ ಸಿಲಿಂಡರುಗಳೂ ಬಿದ್ದಿರುತ್ತವೆ. ಬಲೂನಿಗೆ ತುಂಬಿಸಿ ಎಳೆಯುತ್ತಾರೆ, ಒಂದೆರಡು ನಿಮಿಷ ತಲೆ ಹಗುರ ಆಗುತ್ತದೆ.

ಇದನ್ನು 1971ರ ಕಾನೂನಿನಡಿ ತರಬೇಡಿ, ಹಾನಿಯ ಮಟ್ಟಕ್ಕೆ ಶಿಕ್ಷೆ ಜಾಸ್ತಿಯಾಗುತ್ತದೆ ಅಂತ ತಜ್ಞರು 2023ರ ಮಾರ್ಚ್‌ನಲ್ಲಿ ಹೇಳಿದರು. ಅದೇ ತಿಂಗಳು ಆಗಿನ ಪ್ರಧಾನಿ ರಿಷಿ ಸುನಕ್ ಸರ್ಕಾರ ನಿಷೇಧ ಪ್ರಕಟಿಸಿತು, ಅದೂ ಪುಂಡಾಟ ತಡೆಯುವ ಯೋಜನೆಯ ಭಾಗವಾಗಿ. ಆಗ ವಿರೋಧ ಪಕ್ಷವಾಗಿದ್ದ ಲೇಬರ್‌ನವರೂ ಬೆಂಬಲಿಸಿದರು. 2023ರ ನವೆಂಬರ್ 8ರಿಂದ ಅದು ಸಿ ವರ್ಗ. ಸೇದೋಕೆ ಅಂತ ಇಟ್ಟುಕೊಂಡರೆ ಎರಡು ವರ್ಷದವರೆಗೆ ಜೈಲು, ಇನ್ನೊಬ್ಬರಿಗೆ ಕೊಟ್ಟರೆ ಹದಿನಾಲ್ಕು ವರ್ಷದವರೆಗೆ. ದುಡ್ಡು ತೆಗೆದುಕೊಳ್ಳದೆ ಫ್ರೆಂಡಿಗೆ ಕೈ ದಾಟಿಸಿದರೂ ಕಾನೂನಿನ ಲೆಕ್ಕದಲ್ಲಿ ಅದು ಸಪ್ಲೈಯೇ. ಇದು ಹುಡುಗರಿಗೆ ಗೊತ್ತೇ ಇರುವುದಿಲ್ಲ.

ನಿಷೇಧದ ಪರ ಮಾತಾಡಿದವರಿಗೆ ಪಾರ್ಕಿನ ಕಸ, ಗಲಾಟೆ ಕಣ್ಣಿಗೆ ಬಿತ್ತು. ನಮ್ಮ ಮನೆಗಳಿಗೆ ಇರುವ ಅಪಾಯ ಬೇರೆಯೇ. ಈ ಗ್ಯಾಸು ದೇಹದಲ್ಲಿರುವ ಬಿ12 ವಿಟಮಿನ್ ಅನ್ನು ಕೆಲಸಕ್ಕೆ ಬಾರದ ಹಾಗೆ ಮಾಡುತ್ತದೆ. ಬಿ12 ಇಲ್ಲದಿದ್ದರೆ ನರಗಳ ಮೇಲಿನ ಹೊದಿಕೆ ಹಾಳಾಗುತ್ತದೆ. ಮೊದಲು ಪಾದದಲ್ಲಿ ಜುಮುಜುಮು, ಆಮೇಲೆ ನಡೆಯುವಾಗ ತೂರಾಟ. ಪೂರ್ವ ಲಂಡನ್ನಿನ ಆಸ್ಪತ್ರೆಗಳಲ್ಲಿ ನರರೋಗ ವೈದ್ಯರು ಹೀಗೆ ಬಂದ ಹುಡುಗರನ್ನು ಸಾಕಷ್ಟು ನೋಡಿದ್ದಾರೆ. ಈಗ ಯೋಚನೆ ಮಾಡಿ, ಮೊಟ್ಟೆ ಮಾಂಸ ಮುಟ್ಟದ ಮನೆಗಳಲ್ಲಿ ಬಿ12 ಮೊದಲೇ ಕಡಿಮೆ. ಹಾಲು ಮೊಸರು ಚೆನ್ನಾಗಿ ತಿನ್ನುತ್ತಿದ್ದ ಮಗು ಯೂನಿವರ್ಸಿಟಿಗೆ ಹೋದ ಮೇಲೆ ಅದನ್ನೂ ಬಿಟ್ಟು ಪಾಸ್ತಾ, ಚಿಪ್ಸ್ ಮೇಲೆ ಬದುಕುತ್ತದೆ. ಅಂಥ ಮಗುವಿಗೆ ಈ ಗ್ಯಾಸು ಬೇಗ ಏಟು ಕೊಡಬಹುದು. ಬೇಗ ಗೊತ್ತಾದರೆ ಬಿ12 ಇಂಜೆಕ್ಷನ್ನಿನಿಂದ ಎಷ್ಟೋ ಮಟ್ಟಿಗೆ ಸರಿಹೋಗುತ್ತದೆ, ತಡವಾದರೆ ಕಷ್ಟ. ಆದರೆ ಶಿಕ್ಷೆ ಜಾಸ್ತಿಯಾದಷ್ಟೂ ಹುಡುಗ ಡಾಕ್ಟರ ಹತ್ತಿರ ನಿಜ ಹೇಳೋಕೆ ಹೆದರುತ್ತಾನೆ. ನನ್ನ ತಕರಾರು ಇರುವುದು ಅಲ್ಲಿ. ಬಲೂನು ಎಳೆಯಲಿ ಬಿಡಿ ಅಂತ ನಾನು ಹೇಳುತ್ತಿಲ್ಲ, ಯಾವ ತಾಯಿತಂದೆಯೂ ಹೇಳೋದಿಲ್ಲ. ಕಾಲು ಜುಮುಜುಮು ಅಂದ ತಕ್ಷಣ ಮಗು ನಮ್ಮ ಹತ್ತಿರ ಬಂದು ಬಾಯಿ ಬಿಡಬೇಕು, ಅಷ್ಟೇ. ಎನ್‌ಎಚ್‌ಎಸ್ (ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ) ಡಾಕ್ಟರ ಹತ್ತಿರ ಹೇಳಿದ್ದು ಸಾಮಾನ್ಯವಾಗಿ ಗುಟ್ಟಾಗಿರುತ್ತದೆ, ಇದನ್ನೂ ಮಕ್ಕಳಿಗೆ ಹೇಳಿ.

ಇನ್ನೊಂದು ವಿಷಯ, ಇದು ಬರೀ ನಮ್ಮಂಥವರಿಗೆ. ಇಂಗ್ಲೆಂಡಿನಲ್ಲಿ 10 ವರ್ಷ ತುಂಬಿದ ಮಗುವಿನ ಮೇಲೆ ಕೇಸು ಹಾಕಬಹುದು. ಬ್ರಿಟಿಷ್ ಪೌರತ್ವಕ್ಕೆ ಅರ್ಜಿ ಹಾಕುವಾಗ 'ಗುಡ್ ಕ್ಯಾರೆಕ್ಟರ್' (ಒಳ್ಳೆ ನಡತೆ) ನೋಡುವುದೂ 10 ವರ್ಷದಿಂದಲೇ. ಪೊಲೀಸ್ ಕಾಷನ್ ಅಂದರೆ ಬೈದು ಬಿಟ್ಟ ಹಾಗೆ ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. ಅದು ಕೋರ್ಟಿಗೆ ಕಳಿಸದೆ ಪೊಲೀಸರೇ ಕೊಡುವ ಅಧಿಕೃತ ಎಚ್ಚರಿಕೆ. ತಪ್ಪು ಒಪ್ಪಿಕೊಂಡರೆ ಮಾತ್ರ ಕಾಷನ್ ಕೊಡುತ್ತಾರೆ, ಅದು ದಾಖಲೆಗೆ ಹೋಗುತ್ತದೆ, ಪೌರತ್ವದ ಅರ್ಜಿಯಲ್ಲಿ ಹೇಳಲೇಬೇಕು. ಒಂದು ಕಾಷನ್ ಇದ್ದ ಮಾತ್ರಕ್ಕೆ ಅರ್ಜಿ ಬಿದ್ದೇಹೋಗುತ್ತದೆ ಅಂತೇನಿಲ್ಲ, ಆದರೂ ಪಕ್ಕದ ಮನೆಯ ಇಂಗ್ಲಿಷ್ ಹುಡುಗನಿಗೆ ಇಲ್ಲದ ಒಂದು ತೊಡಕು ನಮ್ಮ ಹುಡುಗನಿಗೆ ಬಂದ ಹಾಗಾಯಿತು. ಅದಕ್ಕೇ ಸ್ಟೇಷನ್ನಿನಿಂದ ಫೋನ್ ಬಂದರೆ "ಒಪ್ಪಿಕೊಂಡು ಸಹಿ ಹಾಕಿ ಬಂದುಬಿಡು, ಮಾನ ಹೋಗುತ್ತೆ" ಅನ್ನಬೇಡಿ. ಸ್ಟೇಷನ್ನಿನಲ್ಲಿ ವಕೀಲರ ಸಲಹೆ ಎಲ್ಲರಿಗೂ ಪುಕ್ಕಟೆ. 18 ತುಂಬದ ಮಗುವಿನ ಜೊತೆ ದೊಡ್ಡವರೊಬ್ಬರು ಇರಲೇಬೇಕು. ವಕೀಲರು ಬರುವವರೆಗೂ ಕಾಯಿರಿ.

ರೆಡಿಂಗ್‌ನ ಅಣ್ಣ "ಇಂಡಿಯಾಕ್ಕೆ ಹೋದರೆ ಈ ತಲೆನೋವೇ ಇಲ್ಲ" ಅಂದಿದ್ದರು. ಅಣ್ಣಾ, ಬೇಜಾರು ಮಾಡಿಕೊಳ್ಳಬೇಡಿ, ಅದು ಹಾಗಿಲ್ಲ. ನಮ್ಮಲ್ಲಿರುವ 1985ರ ಎನ್‌ಡಿಪಿಎಸ್ (ಮಾದಕ ವಸ್ತು) ಕಾನೂನು ಇಲ್ಲಿನದಕ್ಕಿಂತ ಬಿಗಿ. ಎಂಡಿಎಂಎ (ಎಕ್‌ಸ್ಟಸಿ) 10 ಗ್ರಾಂಗಿಂತ ಜಾಸ್ತಿ ಸಿಕ್ಕರೆ ಅದು ವ್ಯಾಪಾರದ ಪ್ರಮಾಣ, ಕನಿಷ್ಠ ಹತ್ತು ವರ್ಷ ಜೈಲು, ಜಾಮೀನು ಸಿಗೋದೂ ಬಲು ಕಷ್ಟ. 2022ರ ಡಿಸೆಂಬರಿನಲ್ಲಿ ಲೋಕಸಭೆಯಲ್ಲಿ ಡ್ರಗ್ಸ್ ಮೇಲೆ ಚರ್ಚೆ ನಡೆದಾಗ ಸೇವಿಸುವವರು ಬಲಿಪಶುಗಳು, ಮಾರುವವರು ಅಪರಾಧಿಗಳು ಅನ್ನುವ ಅರ್ಥದಲ್ಲೇ ಗೃಹ ಸಚಿವ ಅಮಿತ್ ಶಾ ಉತ್ತರ ಕೊಟ್ಟರು. ತಾನಾಗಿ ಚಿಕಿತ್ಸೆಗೆ ಬಂದ ವ್ಯಸನಿಗೆ ರಕ್ಷಣೆ ಕೊಡುವ 64ಎ ಕಲಮು ಕಾನೂನಿನಲ್ಲೂ ಇದೆ. ಆದರೆ ಸೇವನೆ ಅಲ್ಲಿ ಇವತ್ತಿಗೂ ಅಪರಾಧವೇ. ಇನ್ನು ಬೇಸಿಗೆ ರಜೆಗೆ ಊರಿಗೆ ಹೋಗುವವರು ಒಂದು ನೆನಪಿಡಿ. 2019ರ ಕಾನೂನಿನ ಪ್ರಕಾರ ಭಾರತಕ್ಕೆ ಇ-ಸಿಗರೇಟು ತರುವುದೇ ನಿಷಿದ್ಧ, ಮಾಮೂಲಿ ನಿಕೋಟಿನ್ ವೇಪ್ ಕೂಡ. ಹೊರಡುವ ಮುಂಚೆ ಮಕ್ಕಳ ಬ್ಯಾಗು ಅವರ ಎದುರಿಗೇ ಒಂದು ಸಲ ನೋಡಿ.

ಹಾಗಾದರೆ ಮಾಡೋದೇನು? ಇಷ್ಟು ಹೊತ್ತು ಹೇಳಿದ್ದು ಇದಕ್ಕೇ. ಹೆದರಿದ ಮತದಾರನ ಕೂಗು ಪಾರ್ಲಿಮೆಂಟಿಗೆ ಬೇಗ ಕೇಳುತ್ತದೆ, ನಿಜ. ಆದರೆ ಕಾಗದ ಪತ್ರ ಹಿಡಿದು, ನನ್ನ ಮಗುವಿಗೆ ಹೀಗಾಗಿದೆ ಅಂತ ನಿಂತ ತಾಯಿಯ ಮಾತೂ ಕೇಳುತ್ತದೆ. 2018ರ ಜೂನ್‌ನಲ್ಲಿ ಬಿಲ್ಲಿ ಕಾಲ್ಡ್‌ವೆಲ್ ಅನ್ನುವ ಹುಡುಗನ ಫಿಟ್ಸ್‌ಗೆ ಅವನ ತಾಯಿ ಕೆನಡಾದಿಂದ ತಂದ ಗಾಂಜಾ ಎಣ್ಣೆಯನ್ನು ಹೀಥ್ರೂನಲ್ಲಿ ಕಿತ್ತುಕೊಂಡರು. ಹುಡುಗ ಆಸ್ಪತ್ರೆ ಸೇರಿದ. ಆಕೆ ಸುಮ್ಮನಾಗಲಿಲ್ಲ. ಗೃಹ ಸಚಿವ ಸಾಜಿದ್ ಜಾವಿದ್ ವಿಶೇಷ ಅನುಮತಿ ಕೊಟ್ಟರು, ಅದೇ ನವೆಂಬರ್ 1ರಿಂದ ತಜ್ಞ ವೈದ್ಯರು ಬರೆದುಕೊಟ್ಟರೆ ಅಂಥ ಔಷಧ ಕಾನೂನುಬದ್ಧವಾಯಿತು. ಎನ್‌ಎಚ್‌ಎಸ್‌ನಲ್ಲಿ ಇವತ್ತಿಗೂ ಅದು ಸುಲಭಕ್ಕೆ ಸಿಗೋದಿಲ್ಲ, ಆ ಹೋರಾಟ ಮುಗಿದಿಲ್ಲ. ಆದರೂ ದಶಕಗಳಿಂದ ಅಲ್ಲಾಡದ ಕಾನೂನು ಐದು ತಿಂಗಳಲ್ಲಿ ಅಲ್ಲಾಡಿತು.

ಎಡಿನ್‌ಬರೋದವರು ಇನ್ನೊಂದು ನೋಡಿದ್ದೀರಿ. ಆರೋಗ್ಯ ಸ್ಕಾಟ್ಲೆಂಡಿನ ಕೈಲಿ, ಡ್ರಗ್ಸ್ ಕಾನೂನು ಲಂಡನ್ ಕೈಲಿ. ಆ ಎಳೆದಾಟದ ನಡುವೆ, ವೈದ್ಯಕೀಯ ಕಣ್ಗಾವಲಿನಲ್ಲಿ ಡ್ರಗ್ಸ್ ತೆಗೆದುಕೊಳ್ಳುವ ಕೇಂದ್ರ ಗ್ಲಾಸ್ಗೋದಲ್ಲಿ 2025ರ ಜನವರಿಯಲ್ಲಿ ಬಾಗಿಲು ತೆರೆಯಿತು. ಜೀವ ಉಳಿಯಲಿ ಅನ್ನೋದೇ ಅದರ ಉದ್ದೇಶ, ನನಗೆ ಅದು ಸರಿ ಅನಿಸುತ್ತದೆ. ಗುಂಪಿನಲ್ಲಿ ಒಪ್ಪದವರು ಇದ್ದೀರಿ ಅಂತ ಗೊತ್ತು, ಬೇರೆಯಾಗಿ ಮಾತಾಡೋಣ.

ಮುಖ್ಯ ಮಾತು, ನಮಗೆ ಇಲ್ಲಿ ಓಟಿದೆ! ಇಂಡಿಯನ್ ಪಾಸ್‌ಪೋರ್ಟ್ ಇದ್ದು ವೀಸಾ ಮೇಲೆ ಇಲ್ಲಿ ನೆಲೆಸಿದವರೂ ಕಾಮನ್‌ವೆಲ್ತ್ ಪ್ರಜೆಗಳಾದ್ದರಿಂದ ಇಲ್ಲಿನ ಸಾರ್ವತ್ರಿಕ ಚುನಾವಣೆಯಲ್ಲಿ ಓಟು ಹಾಕಬಹುದು. ಬೂತಿನಲ್ಲಿ ಗುರುತಿಗೆ ನಮ್ಮ ಪಾಸ್‌ಪೋರ್ಟೇ ಸಾಕು. ಎಷ್ಟೋ ವರ್ಷದಿಂದ ಇಲ್ಲಿದ್ದೂ ಹೆಸರು ನೋಂದಾಯಿಸದವರು ನಮ್ಮಲ್ಲಿ ತುಂಬಾ ಜನ. ಎಂಪಿಗೆ ಇಮೇಲ್ ಬರೆಯೋಕಂತೂ ಓಟೂ ಬೇಕಿಲ್ಲ, ಅವರ ಕ್ಷೇತ್ರದ ಪೋಸ್ಟ್‌ಕೋಡ್ ಇದ್ದರೆ ಸಾಕು. ಪಾರ್ಲಿಮೆಂಟಿನ ಪಿಟಿಷನ್‌ಗೆ 10,000 ಸಹಿ ಆದರೆ ಸರ್ಕಾರ ಉತ್ತರ ಕೊಡುತ್ತದೆ, ಒಂದು ಲಕ್ಷ ಆದರೆ ಚರ್ಚೆಗೆ ಪರಿಗಣಿಸುತ್ತಾರೆ. ಇಲ್ಲಿ ವಾಸ ಇರುವ ಯಾರಾದರೂ ಸಹಿ ಹಾಕಬಹುದು.

ಲಾಫಿಂಗ್ ಗ್ಯಾಸ್‌ನಿಂದ ಸಿಕ್ಕಿಬಿದ್ದ ಮಕ್ಕಳನ್ನು ಮೊದಲ ಸಲ ಕಾಷನ್ ಕೊಡದೆ ಚಿಕಿತ್ಸೆಯ ದಾರಿಗೆ ಕಳಿಸಬೇಕು, ಶಾಲೆಯ ಡ್ರಗ್ಸ್ ಪಾಠದಲ್ಲಿ ಬಿ12 ವಿಷಯ ಸಸ್ಯಾಹಾರಿ ಮಕ್ಕಳಿಗೆ ತಿಳಿಯುವ ಹಾಗೆ ಹೇಳಬೇಕು ಅಂತ ಒಂದು ಪತ್ರ ಬರೆಯೋಣ ಅಂತಿದ್ದೇನೆ. ಕರಡನ್ನು ಭಾನುವಾರ ಸಂಜೆ ಇಲ್ಲೇ ಹಾಕುತ್ತೇನೆ. ನಮ್ಮಲ್ಲಿ ಜಿಪಿ (ಕುಟುಂಬ ವೈದ್ಯ) ಡಾಕ್ಟರುಗಳಿದ್ದೀರಿ, ಬಿ12 ಭಾಗವನ್ನು ನೀವು ತಿದ್ದಿಕೊಡಿ. ಇಮಿಗ್ರೇಷನ್ ವಕೀಲರು ಕಾಷನ್ ಭಾಗ ನೋಡಿ. ಮಿಲ್ಟನ್ ಕೀನ್ಸ್‌ನ ಅಕ್ಕ, ನೀವು ಮನೆ ಹುಡುಕೋದನ್ನ ಸದ್ಯಕ್ಕೆ ನಿಲ್ಲಿಸಿ, ಮಗನನ್ನು ಕಾರಿನಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೋಗಿ ಬನ್ನಿ. ಕಾರಿನಲ್ಲಿ ಮುಖ ನೋಡಬೇಕಾಗಿಲ್ಲ, ಹುಡುಗರು ಸ್ವಲ್ಪ ಮಾತಾಡುತ್ತಾರೆ. ಶಾಲೆಯವರು ಪೋಷಕರ ಸಭೆ ಕರೆದರೆ ಹೇಳಿ, ಜೊತೆಗೆ ನಾನೂ ಬರುತ್ತೇನೆ.